ಸೇತುವೆಗೂ ಒಂದು ಸೂರು

ಸೇತುವೆಗೆ ಮಾಡು, ಗೋಡೆ ಏಕೆ ಬೇಕು? ಅಮೆರಿಕದ ಅಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯ ಸೇತುವೆಗಳನ್ನು ಕಂಡ ಯಾರಿಗಾದರೂ ಈ ಪ್ರಶ್ನೆ ಏಳದೆ ಇರದು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಮುಸುಕಿನ ಜೋಳದ ಹೊಲಗಳ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಇಂಥ 19 ಮರದ ಸೇತುವೆಗಳಿದ್ದವು. ಈಗ ಉಳಿದಿರುವುದು ಆರು.

ಪ್ರೇಮಿಗಳಿಗೆ ಮರೆಯಾಗಲೆಂದು ಯಾರೂ ಸೂರು ಕಟ್ಟಲಿಲ್ಲ. ಕಾರಣ ಶುದ್ಧ ಲೆಕ್ಕಾಚಾರದ್ದು. ಭಾರ ಹೊರುವ ದಪ್ಪ ತೊಲೆಗಳಿಗೆ, ನೆಲಕ್ಕೆ ಹಾಸಿದ ಮರಕ್ಕೆ ಬೆಲೆ ಹೆಚ್ಚು. ಮಳೆ, ಹಿಮ ಬಿದ್ದರೆ ಅವು ಬೇಗ ಕೊಳೆಯುತ್ತವೆ. ಮೇಲಿನ, ಪಕ್ಕದ ತೆಳು ಹಲಗೆಗಳು ಅಗ್ಗ. ಹಾಳಾದರೆ ಕಿತ್ತು ಬೇರೆ ಹೊಡೆದರಾಯಿತು. ಛತ್ರಿಯ ಖರ್ಚಿನಲ್ಲಿ ಸೇತುವೆ ಉಳಿಯುತ್ತಿತ್ತು. ಹೆಸರಿಡುವಾಗಲೂ ಆಡಂಬರವಿಲ್ಲ: ಸಾಮಾನ್ಯವಾಗಿ ಹತ್ತಿರದ ಮನೆಯವರ ಹೆಸರೇ ಸೇತುವೆಯ ಹೆಸರು.

1976ರಲ್ಲಿ ಇವು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದವು. ಆದರೆ ಲೋಕಕ್ಕೆ ಪರಿಚಯವಾದದ್ದು 1992ರಲ್ಲಿ, ರಾಬರ್ಟ್ ಜೇಮ್ಸ್ ವಾಲರ್ ಬರೆದ 'ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ' ಕಾದಂಬರಿಯಿಂದ. 1995ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಚಲನಚಿತ್ರ ಮಾಡಿ, ಮೆರಿಲ್ ಸ್ಟ್ರೀಪ್ ಜೊತೆ ತಾವೂ ನಟಿಸಿದರು. ರೈತರ ಗಾಡಿ ದಾಟಲೆಂದು ಕಟ್ಟಿದ ಸೇತುವೆಗಳ ಮುಂದೆ ಕ್ಯಾಮೆರಾ ಹಿಡಿದವರು ಸಾಲುಗಟ್ಟಿದರು.

ನೀರಿನಿಂದ ಕಾಯುವ ಸೂರು ಬೆಂಕಿಯಿಂದ ಕಾಯಲಾರದು. ಮ್ಯಾಕ್‌ಬ್ರೈಡ್ ಸೇತುವೆ 1983ರಲ್ಲಿ ಕಿಡಿಗೇಡಿತನಕ್ಕೆ ಬಲಿಯಾಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಬೆಂಟನ್ ಜೋನ್ಸ್ 1883ರಲ್ಲಿ ಕಟ್ಟಿದ ಸೀಡರ್ ಸೇತುವೆಯದು ಬೇರೆ ಕಥೆ. 2002ರಲ್ಲಿ ಯಾರೋ ಅದಕ್ಕೆ ಬೆಂಕಿ ಇಟ್ಟರು. ಹಳೆಯ ಮಾದರಿಯಲ್ಲೇ ಪುನಃ ಕಟ್ಟಿ 2004ರಲ್ಲಿ ತೆರೆದರು. 2017ರ ಏಪ್ರಿಲ್‌ನಲ್ಲಿ ಮತ್ತೆ ಬೆಂಕಿ. ಊರವರು ಮತ್ತೆ ಕಟ್ಟಿಸಿದರು. 2019ರ ಅಕ್ಟೋಬರಿನಲ್ಲಿ ಮೂರನೆಯ ಸೀಡರ್ ಸೇತುವೆ ಸಿದ್ಧವಾಯಿತು.

ಹಾಗಾದರೆ ಇದು ಸ್ಮಾರಕವೇ, ಪ್ರತಿಕೃತಿಯೇ? ಮರದ ಕಟ್ಟಡ ಬಾಳುವುದೇ ಹಲಗೆ ಬದಲಾಯಿಸುತ್ತಾ ಎನ್ನುವುದು ನಿಜ. ಆದರೂ ನೂರು ವರ್ಷದಲ್ಲಿ ಒಂದೊಂದಾಗಿ ಬದಲಾಗುವುದಕ್ಕೂ ಒಂದೇ ರಾತ್ರಿ ಎಲ್ಲವೂ ಬೂದಿಯಾಗುವುದಕ್ಕೂ ಅಂತರವಿದೆ. ಹೊಸದನ್ನು 1883ರದು ಎನ್ನಲಾಗದು. ಹಾಗೆಂದು ಹುಸಿ ಎನ್ನುವುದೂ ಅನ್ಯಾಯ.

ಜಾಗದ ಪ್ರಶ್ನೆಯೂ ಇದೆ. 1870ರ ಕಟ್ಲರ್-ಡೊನಾಹೊ ಸೇತುವೆಯನ್ನು 1970ರಲ್ಲಿ ಕೌಂಟಿ ಕೇಂದ್ರವಾದ ವಿಂಟರ್‌ಸೆಟ್‌ನ ಉದ್ಯಾನಕ್ಕೆ ಸಾಗಿಸಲಾಯಿತು. ಅಷ್ಟೇ ಹಳೆಯದಾದ ಐಮ್ಸ್ 1977ರಲ್ಲಿ ಸೇಂಟ್ ಚಾರ್ಲ್ಸ್ ಊರಿಗೆ ಹೋಯಿತು. ಸೀಡರ್ ಕೂಡ 1921ರಲ್ಲೇ ಜಾಗ ಬದಲಿಸಿತ್ತು. ಕಟ್ಟಿದ ಸ್ಥಳದಲ್ಲೇ ನಿಂತಿರುವುದನ್ನು ನೋಡಬೇಕೆಂದರೆ ಹಾಲಿವೆಲ್, ರೋಸ್‌ಮನ್, ಹಾಗ್‌ಬ್ಯಾಕ್‌ಗಳಿಗೆ ಹೋಗಬೇಕು. 1880ರಿಂದ 1884ರ ನಡುವಿನವು ಇವು. 1990ರ ದಶಕದ ದುರಸ್ತಿಯಲ್ಲಿ ಇವುಗಳಿಗೂ ಹೊಸ ಮರ ಸೇರಿದೆ.