ಡಿಸ್ಪ್ಲೇ ಬರ್ತಿಲ್ಲ ಅಣ್ಣಾ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ನಡೆಯಲು ಜಾಗವಿರುವುದಿಲ್ಲ. ಲಗೇಜ್ ಆಟೋದಿಂದ ಮಾನಿಟರ್ ಬಾಕ್ಸ್‌ಗಳು ಇಳಿಯುತ್ತಿರುತ್ತವೆ, ತಲೆ ಮೇಲೆ ಕಾರ್ಟನ್ ಹೊತ್ತವರು ‘ಸೈಡ್ ಸೈಡ್’ ಎನ್ನುತ್ತಾ ನುಗ್ಗುತ್ತಾರೆ, ಅಂಗಡಿಗಳ ಬಾಗಿಲ ತುಂಬ ಕೇಬಲ್ ಕಟ್ಟುಗಳು ತೂಗಾಡುತ್ತವೆ. ಮಾರಾಟವೆಲ್ಲ ಕೆಳಗೆ, ರಿಪೇರಿ ಮೇಲೆ. ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಂಥ ಮೆಟ್ಟಿಲು ಹತ್ತಿದರೆ ಒಂದು ಟ್ಯೂಬ್‌ಲೈಟು, ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ತೆರೆದು ಮಲಗಿದ ನಾಲ್ಕಾರು ಕ್ಯಾಬಿನೆಟ್‌ಗಳು.

ತುಮಕೂರಿನಿಂದ ಬಸ್ಸಿನಲ್ಲಿ ಬಂದ ಹುಡುಗ ತನ್ನ ಕ್ಯಾಬಿನೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದಾನೆ. ಕಾಲೇಜಿನವನು. ಒಂದೊಂದೇ ಪಾರ್ಟ್ ಆರಿಸಿ, ದುಡ್ಡು ಹೊಂದಿಸಿ ತರಿಸಿ, ಮನೆಯಲ್ಲಿ ತಾನೇ ಜೋಡಿಸಿದ ಮೊದಲ ಕಂಪ್ಯೂಟರ್. ಗಂಟು ಬಿಚ್ಚುತ್ತಲೇ ಹೇಳಿದ:

“ಫ್ಯಾನ್ ಎಲ್ಲಾ ತಿರುಗುತ್ತೆ, ಲೈಟೂ ಬರುತ್ತೆ. ಡಿಸ್ಪ್ಲೇ ಮಾತ್ರ ಬರ್ತಿಲ್ಲ ಅಣ್ಣಾ. ನೋ ಸಿಗ್ನಲ್ ಅಂತಿದೆ.”

ಮೇಜಿನ ಹಿಂದಿದ್ದವರು ಸ್ಕ್ರೂಡ್ರೈವರ್ ಎತ್ತಿಕೊಳ್ಳಲಿಲ್ಲ. ಕೇಬಲ್ ಎಲ್ಲಿಗೆ ಹಾಕಿದ್ದೆ, ಕಾರ್ಡಿಗೋ ಬೋರ್ಡಿಗೋ? ಮಾನಿಟರಿನಲ್ಲಿ ಇನ್‌ಪುಟ್ ಯಾವುದಿತ್ತು? ಬೇರೆ ಕೇಬಲ್ ಹಾಕಿ ನೋಡಿದ್ಯಾ? ಎಲ್ಲಕ್ಕೂ ಹುಡುಗನ ಹತ್ತಿರ ಸರಿಯಾದ ಉತ್ತರವಿತ್ತು. ಕೊನೆಗೆ ಕೇಳಿದರು:

“ಆನ್ ಮಾಡಿ ಎಷ್ಟು ಹೊತ್ತು ಬಿಟ್ಟೆ?”

“ಅರ್ಧ ನಿಮಿಷ ಇರಬಹುದು. ಬರ್ಲಿಲ್ವಲ್ಲ, ಆಫ್ ಮಾಡಿ ಮತ್ತೆ ಆನ್ ಮಾಡ್ದೆ. ಹಾಗೇ ಮಾಡ್ತಾನೇ ಇದ್ದೆ.”

ಅವರು ತಲೆಯಾಡಿಸಿದರು.

ಫ್ಯಾನ್ ತಿರುಗಿತು ಎಂದರೆ ಅದಕ್ಕೆ ಬೇಕಾದ 12 ವೋಲ್ಟ್ ತಲುಪಿತು ಎಂದಷ್ಟೇ ಅರ್ಥ. ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ತನ್ನ ವೋಲ್ಟೇಜುಗಳೆಲ್ಲ ಸರಿ ಇವೆ ಎಂದು ಬೋರ್ಡಿಗೆ ಸಂಜ್ಞೆ ಕೊಡಬೇಕು. ಆಮೇಲೆ ಪ್ರೊಸೆಸರ್ ಕಣ್ಣುಬಿಟ್ಟು ಬಯಾಸ್ ಚಿಪ್ಪಿನಿಂದ ತನ್ನ ಮೊದಲ ಆದೇಶ ಓದಬೇಕು, ಮೆಮೊರಿಯನ್ನು ಎಬ್ಬಿಸಬೇಕು, ಗ್ರಾಫಿಕ್ಸ್ ಎಲ್ಲಿದೆ ಎಂದು ಹುಡುಕಬೇಕು. ಪರದೆಗೆ ಬೆಳಕು ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ನಡೆಯುವುದೆಲ್ಲ ಕತ್ತಲಲ್ಲೇ. ಹಾಗಾಗಿ ಪರದೆ ಕಪ್ಪಗಿದ್ದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದು ಹೇಳಲಾಗುವುದಿಲ್ಲ. ಸಾಲಿನಲ್ಲಿ ಮುಂದಿರುವ ಯಾರು ನಿಂತರೂ ಕೊನೆಯವನ ಪಾಳಿ ಬರುವುದಿಲ್ಲ.

1981ರ ಐಬಿಎಂ ಪಿಸಿ ಕಾಲದಿಂದಲೂ ಯಂತ್ರ ತನ್ನ ತೊಂದರೆಯನ್ನು ಬೀಪ್ ಶಬ್ದದಲ್ಲಿ ಹೇಳಿಕೊಳ್ಳುತ್ತಿತ್ತು. ಅವಾರ್ಡ್ ಬಯಾಸ್ ಇದ್ದ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ದೋಷ. ಆಗ ಈ ಬೀದಿಯ ಹಳಬರು ಸದ್ದು ಕೇಳಿಯೇ ಯಾವ ಕಡೆ ಕೈ ಹಾಕಬೇಕೆಂದು ತಿಳಿಯುತ್ತಿದ್ದರು. ರ‍್ಯಾಮ್ ಎಂದು ತಿಳಿದರೆ ಅದರ ಹಳದಿ ಹಲ್ಲುಗಳನ್ನು ಶಾಲಾಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು, ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು. ಈಗ ಬೋರ್ಡಿನ ಜೊತೆ ಆ ಪುಟ್ಟ ಸ್ಪೀಕರ್ ಬರುವುದೇ ಅಪರೂಪ. ಅದರ ಬದಲು ಅನೇಕ ಬೋರ್ಡುಗಳ ಅಂಚಿನಲ್ಲಿ ಸಾಸಿವೆ ಗಾತ್ರದ ನಾಲ್ಕು ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಕೆಲಸ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತದೆ. ಬಣ್ಣ ಬದಲಿಸುವ ಫ್ಯಾನುಗಳ ಝಗಮಗದಲ್ಲಿ, ನೋಡಬೇಕಾದ ಆ ಒಂದು ಚುಕ್ಕೆ ಹುಡುಗನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ವೈರ್ ಹಾಕಿ ಆನ್ ಮಾಡಿದಾಗ ಉರಿಯುತ್ತಿದ್ದುದು ಮೆಮೊರಿಯ ದೀಪ, ಡಿರ‍್ಯಾಮಿನ ಹಳದಿ.

ಆದರೂ ಅವರು ನೇರ ರ‍್ಯಾಮಿಗೆ ಕೈ ಹಾಕಲಿಲ್ಲ. ವೈರ್ ಕಿತ್ತು, ಕೈಯನ್ನು ಒಮ್ಮೆ ಕ್ಯಾಬಿನೆಟ್ಟಿನ ಬರಿ ಲೋಹಕ್ಕೆ ತಾಗಿಸಿ, ಗ್ರಾಫಿಕ್ಸ್ ಕಾರ್ಡ್ ತೆಗೆದು ಪಕ್ಕಕ್ಕಿಟ್ಟರು. ಪ್ರೊಸೆಸರ್‌ಗೆಂದೇ ಇರುವ ಎಂಟು ಪಿನ್ನಿನ ವೈರ್ ಮೇಲಿನ ಮೂಲೆಯಲ್ಲಿ ಕೂತಿದೆಯೇ ನೋಡಿದರು. ಇದನ್ನು ಮರೆಯುವವರು ಬಹಳ. ಇದಿಲ್ಲದೆಯೂ ಫ್ಯಾನ್ ತಿರುಗಿ ಮನಸ್ಸಿಗೆ ಸುಳ್ಳು ಸಮಾಧಾನ ಕೊಡುತ್ತದೆ. ಕೂತಿತ್ತು. ಬೋರ್ಡ್ ಬಿಚ್ಚಿ ಎತ್ತಿ, ಅದರಡಿಯ ಹಿತ್ತಾಳೆ ಕಂಬಗಳಲ್ಲಿ ಯಾವುದಾದರೂ ತೂತಿಲ್ಲದ ಕಡೆ ನಿಂತು ಶಾರ್ಟ್ ಮಾಡುತ್ತಿದೆಯೇ ಎಂದು ಬೆರಳಿಟ್ಟು ನೋಡಿದರು. ಅದೂ ಸರಿ. ಬೋರ್ಡನ್ನು ಒಂದು ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದರು.

ಪ್ರೊಸೆಸರ್ ಬಿಚ್ಚಿ ನೋಡೋಣವೇ ಎಂದು ಹುಡುಗ ಕೇಳಿದ.

“ಬೇಡ. ಅದು ಕೊನೇಗೆ.”

ಸರಿಯಾದ ಮಾತು. ಪ್ರೊಸೆಸರ್ ಕೂರುವ ಈ ಎಎಂ5 ಸಾಕೆಟ್ಟಿನಲ್ಲಿ 1718 ಸಂಪರ್ಕಗಳಿವೆ, ಪಿನ್ನುಗಳೆಲ್ಲ ಸಾಕೆಟ್ಟಿನ ಕಡೆಯೇ. ಅನುಮಾನಕ್ಕೆಂದು ತೆರೆದು ಒಂದು ಪಿನ್ ಬಾಗಿದರೆ ಇಲ್ಲದ ರೋಗ ತಂದುಕೊಂಡ ಹಾಗೆ.

ಆಮೇಲೆ ಟಾರ್ಚ್ ಹಿಡಿದು ರ‍್ಯಾಮಿನತ್ತ ಬಗ್ಗಿದರು. ಈ ಬೋರ್ಡಿನಲ್ಲಿ ಸ್ಲಾಟಿನ ಮೇಲ್ತುದಿಗೆ ಮಾತ್ರ ಲಾಕ್, ಕಾರ್ಡಿನ ಕಡೆಯ ತುದಿಗೆ ಇಲ್ಲ. ಮೇಲ್ತುದಿ ‘ಟಕ್’ ಎಂದು ಕೂತಿದೆ, ಹುಡುಗ ಅದನ್ನು ಕೇಳಿ ಆಯಿತೆಂದುಕೊಂಡಿದ್ದಾನೆ. ಕೆಳತುದಿಯಲ್ಲಿ ಕೂದಲೆಳೆಯಷ್ಟು ಚಿನ್ನದ ಗೆರೆ ಹೊರಗೆ ಹೊಳೆಯುತ್ತಿತ್ತು, ಅದೂ ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಮಾತ್ರ. ರ‍್ಯಾಮಿನ ಎರಡೂ ಕಡ್ಡಿ ತೆಗೆದರು. ಒಂದನ್ನೇ, ಪ್ರೊಸೆಸರ್ ಕಡೆಯಿಂದ ಎರಡನೆಯ ಸ್ಲಾಟಿಗೆ, ಎರಡೂ ಹೆಬ್ಬೆರಳಿಟ್ಟು ಒತ್ತಿದರು. ಹುಡುಗ ಮುಖ ಹಿಂಡಿದ. ಮೊದಲ ಸಲ ಜೋಡಿಸುವವರು ಬೋರ್ಡ್ ಮುರಿದೀತೆಂದು ಇಷ್ಟು ಬಲ ಹಾಕಲು ಹೆದರುತ್ತಾರೆ. ಆ ಹೆದರಿಕೆಗೆ ಕಾರಣವಿದೆ, ಸ್ವಂತ ದುಡ್ಡಿನ ಬೋರ್ಡದು.

ಮಾನಿಟರ್ ಕೇಬಲನ್ನು ಬೋರ್ಡಿಗೇ ಹಾಕಿದರು, ಈ ಪ್ರೊಸೆಸರಿನೊಳಗೆ ಸಣ್ಣ ಗ್ರಾಫಿಕ್ಸ್ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಪವರ್ ಸ್ವಿಚ್ಚಿನ ಎರಡು ಪಿನ್ ತಾಗಿಸಿದರು. ಫ್ಯಾನ್ ತಿರುಗಿತು. ಮತ್ತೆ ಹಳದಿ ದೀಪ. ಹುಡುಗನ ಕೈ ಸ್ವಿಚ್ಚಿನತ್ತ ಹೋಯಿತು.

“ಮುಟ್ಬೇಡ. ಟೀ ಕುಡಿ.”

ಡಿಡಿಆರ್5 ಮೆಮೊರಿಗೆ ಈ ಕಾಯುವಿಕೆ ಬೇಕೇಬೇಕು. ಈ ರ‍್ಯಾಮಿನ ಡಬ್ಬಿ ಮೇಲಿದ್ದ 6000 ಎಂಬ ಅಂಕಿಯೆಂದರೆ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 600 ಕೋಟಿ ಸಲ ದತ್ತಾಂಶದ ಓಡಾಟ. ಆ ವೇಗದಲ್ಲಿ ಬೋರ್ಡಿನ ಗೆರೆ ತುಸು ಉದ್ದವಾದರೂ ಸಂಕೇತ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಮೊದಲ ಸಲ ಪ್ರೊಸೆಸರು ಒಂದೊಂದು ತಂತಿಯಲ್ಲೂ ಮಾದರಿ ಕಳಿಸಿ, ಓದಿ, ಹೊತ್ತನ್ನು ಹಿಂದೆಮುಂದೆ ಸರಿಸಿ, ತಂಬೂರಿಗೆ ಶ್ರುತಿ ಕೂಡಿಸುವಂತೆ ಎಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತದೆ. ಇದೇ ಮೆಮೊರಿ ಟ್ರೈನಿಂಗ್. 2022ರಲ್ಲಿ ಬಂದ ಎಎಂ5 ಬೋರ್ಡುಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಇರಬೇಕಾದ ಮಾತಿದು. ಇದು ಗೊತ್ತಿಲ್ಲದೆ ಒಳ್ಳೆಯ ಬೋರ್ಡನ್ನು ಕೆಟ್ಟದ್ದೆಂದು ವಾಪಸ್ ಕಳಿಸುವ, ತಾನೇ ಏನೋ ಹಾಳುಮಾಡಿದೆ ಎಂದು ರಾತ್ರಿಯಿಡೀ ನಿದ್ದೆಗೆಡುವ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

ಟೀ ಲೋಟ ಖಾಲಿಯಾಯಿತು. ಹಳದಿ ಆರಿತು. ವಿಜಿಎಯ ಬಿಳಿ ಮಿಂಚಿ ಮಾಯವಾಯಿತು. ಪರದೆಯ ಮೇಲೆ ಬಯಾಸ್ ಪುಟ. “ಬಂತು!” ಎಂದು ಹುಡುಗ ಕೂಗಿದ್ದಕ್ಕೆ ಪಕ್ಕದ ಮೇಜಿನವರೂ ತಿರುಗಿ ನೋಡಿದರು.

ಇನ್ನೊಂದು ಕಡ್ಡಿಯನ್ನು ಅವರು ಹುಡುಗನ ಕೈಯಲ್ಲೇ ನಾಲ್ಕನೇ ಸ್ಲಾಟಿಗೆ ಹಾಕಿಸಿದರು. ಅವನು ಒತ್ತಿ, ಟಾರ್ಚ್ ಬಿಟ್ಟು ಕೆಳತುದಿ ನೋಡಿದ. ಮತ್ತೆ ಕಾಯಬೇಕಾಯಿತು. ಬಂತು. ಬೋರ್ಡ್ ಕ್ಯಾಬಿನೆಟ್ಟಿಗೆ ಮರಳಿತು, ಕಾರ್ಡ್ ಕೂತಿತು, ಕೇಬಲ್ ಈಗ ಕಾರ್ಡಿಗೆ. ಅದೂ ಬಂತು.

ಹುಡುಗ ಪರದೆ ನೋಡುತ್ತಾ, “ಅಣ್ಣಾ, 4800 ಅಂತ ತೋರಿಸ್ತಿದೆ. ನಾನು 6000ದ್ದು ತಗೊಂಡಿದ್ದೆ” ಎಂದ.

“ಅದಕ್ಕೆ ಎಕ್ಸ್‌ಪೋ ಅಂತ ಇದೆ, ಆನ್ ಮಾಡ್ಬೇಕು. ಆದ್ರೆ ಮೊದ್ಲು ವಿಂಡೋಸ್ ಹಾಕು, ಎರಡು ದಿನ ಓಡ್ಸು. ಆಮೇಲೆ ಮಾಡು. ಮಾಡಿದಾಗ ಮತ್ತೆ ಟ್ರೈನಿಂಗ್ ಆಗುತ್ತೆ, ಸ್ಕ್ರೀನ್ ಕಪ್ಪಾಗಿರುತ್ತೆ, ಮುಟ್ಬೇಡ. ಅರ್ಧ ಗಂಟೆ ಆದ್ರೂ ಬರ್ಲಿಲ್ಲ ಅಂದ್ರೆ ಕರೆಂಟ್ ತೆಗ್ದು, ಈ ಸೆಲ್ ಇದೆಯಲ್ಲ, ಇದನ್ನ ಐದು ನಿಮಿಷ ಬಿಚ್ಚಿಡು” ಎಂದು ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆಯನ್ನು ತೋರಿಸಿದರು. “ಹಳೇ ಸೆಟ್ಟಿಂಗಿಗೆ ಬರುತ್ತೆ. ಆಗ್ಲೂ ಬರ್ಲಿಲ್ಲ ಅಂದ್ರೆ ಫೋನ್ ಮಾಡು. ಹೊತ್ಕೊಂಡು ಬರ್ಬೇಡ.”