ಈ ನೆರೆ ಯಾವ ವರ್ಷದ್ದು?

ಆಟಿ ತಿಂಗಳಲ್ಲಿ ನೇತ್ರಾವತಿ ಕೆಂಪಾಗಿ ಏರತೊಡಗಿದರೆ ನಮ್ಮೂರು ನರಿಕೊಂಬಿನ ಮನೆಮನೆಯ ಮೊಬೈಲಿನಲ್ಲೂ ನೆರೆ ಬರುತ್ತದೆ. ಪಾಣೆಮಂಗಳೂರಿನ ಹಳೆ ಸೇತುವೆಯ ಹತ್ತಿರದ ನೀರು, ಯಾವುದೋ ಅಣೆಕಟ್ಟಿನ ಬಾಗಿಲು, ತೇಲಿಹೋಗುವ ದನ. ಅರ್ಧ ನಿಮಿಷದ ತುಣುಕು, ಹಿಂದೆ ಅಬ್ಬರದ ಸಂಗೀತ. ಅದು 2019ರ ಆಗಸ್ಟಿನ ನೆರೆಯೋ, ಇವತ್ತಿನದೋ, ಕೇರಳದ್ದೋ ಎಂದು ತುಣುಕು ಹೇಳುವುದಿಲ್ಲ. ನಮ್ಮ ಹಿರಿಯರು ನೆರೆಯ ಮಾತು ಬಂದರೆ 1923ರ ಮಾರಿಬೊಳ್ಳ, 1974ರ ನೆರೆ ಎಂದು ವರ್ಷ ಹಿಡಿದೇ ಹೇಳುತ್ತಾರೆ. ನೀರು ಯಾರ ಅಂಗಳದವರೆಗೆ ಬಂದಿತ್ತು ಎಂದೂ ತೋರಿಸುತ್ತಾರೆ. ಕಿರು ವಿಡಿಯೊದಲ್ಲಿ ಕಳೆದುಹೋಗುವುದು ಇವೇ ಎರಡು: ಊರು ಮತ್ತು ದಿನ.

ಕಿರು ವಿಡಿಯೊ ಚೀನಾದಲ್ಲಿ 2016ರಲ್ಲಿ ಶುರುವಾದ ಡೌಯಿನ್‌ನಿಂದ ಬೆಳೆದು, ಟಿಕ್‌ಟಾಕ್ ಆಗಿ ನಮ್ಮಲ್ಲಿಗೂ ಬಂತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಜಾಗಕ್ಕೆ ಬಂದವು. ಹೆಸರು ಬದಲಾದರೂ ಲೆಕ್ಕಾಚಾರ ಒಂದೇ. ನೀವು ಯಾವುದನ್ನು ಕೊನೆಯವರೆಗೆ ನೋಡಿದಿರಿ, ಯಾವುದನ್ನು ಬೇರೆಯವರಿಗೆ ಕಳಿಸಿದಿರಿ ಎಂಬುದನ್ನು ಗಮನಿಸಿ ಆ್ಯಪ್ ಅಂಥದ್ದನ್ನೇ ಮತ್ತೆ ಎದುರಿಗಿಡುತ್ತದೆ. ಭಯ ಹುಟ್ಟಿಸುವುದನ್ನು ನಾವು ಕಣ್ಣು ಕೀಳದೆ ನೋಡುತ್ತೇವೆ. ಆದ್ದರಿಂದ ಭಯವೇ ಹೆಚ್ಚು ಬರುತ್ತದೆ.

ಇದರ ಬೆಲೆ ಎಷ್ಟೆಂದು ಕರ್ನಾಟಕ ಕಂಡಿದೆ. ಮಕ್ಕಳ ಕಳ್ಳರ ಸುದ್ದಿ ಹಬ್ಬಿದ್ದ 2018ರಲ್ಲಿ ವಾಟ್ಸಾಪಿನಲ್ಲಿ ಒಂದು ತುಣುಕು ಓಡಾಡುತ್ತಿತ್ತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಮೂಲದಲ್ಲಿ ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷೆಗಾಗಿ ಮಾಡಿಸಿದ ಜಾಹೀರಾತು. ಕೊನೆಯಲ್ಲಿ ಬೈಕಿನವರು ತಿರುಗಿ ಬಂದು ಹುಡುಗನನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು, ಎಚ್ಚರಿಕೆಯೇ ವದಂತಿಯಾಯಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಕಳ್ಳರೆಂಬ ಮಾತು ವಿಡಿಯೊ ಸಮೇತ ಮುಂದಿನ ಊರು ಮುರ್ಕಿಗೆ ಅವರಿಗಿಂತ ಮೊದಲೇ ಮುಟ್ಟಿತ್ತು. ಅಲ್ಲಿ ಜನ ಅವರನ್ನು ಹೊಡೆದರು; ಒಬ್ಬ ಯುವಕ ಸತ್ತ. ಆ ತಿಂಗಳಲ್ಲೇ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಘೋಷಿಸಿತು. ಹೊಡೆದ ಕೈಗಳ ಜೊತೆ ಕಳಿಸಿದ ಬೆರಳುಗಳದ್ದೂ ಆ ಸಾವಿನಲ್ಲಿ ಪಾಲಿದೆ ಎಂದೇ ನಾನು ತಿಳಿಯುತ್ತೇನೆ.

ಚೀನಾದಲ್ಲಿ ಡೌಯಿನ್ 2021ರಲ್ಲಿ ಬೇರೆ ದಾರಿ ಹಿಡಿಯಿತು: ಹದಿನಾಲ್ಕು ವರ್ಷದೊಳಗಿನವರಿಗೆ ದಿನಕ್ಕೆ 40 ನಿಮಿಷ, ಅದೂ ರಾತ್ರಿ ಹತ್ತರೊಳಗೆ. ನೋಡುವ ಹೊತ್ತು ಇದರಿಂದ ಕಡಿಮೆಯಾದೀತು. ಕತ್ತರಿಸಿದ್ದನ್ನು ಗುರುತಿಸುವ ಕಣ್ಣು ಬರುವುದಿಲ್ಲ. ನಮ್ಮ ಪಕ್ಕದ ಕೇರಳದ ಕಣ್ಣೂರಿನಲ್ಲಿ 2018ರಲ್ಲಿ ಜಿಲ್ಲಾಡಳಿತವೇ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ನಡೆಸಿತು. ನನಗೆ ಹೆಚ್ಚು ಭರವಸೆ ಕೊಡುವುದು ಆ ದಾರಿ.

ನರಿಕೊಂಬಿನಲ್ಲಿ ಕುಳಿತು ಮಾಡಬಹುದಾದದ್ದೂ ಇದೆ. ವಿಡಿಯೊವನ್ನು ನಿಲ್ಲಿಸಿ ಅಂಗಡಿಯ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ, ಜನರ ಮಾತು ಗಮನಿಸಿ. ಸೇತುವೆ ಕಂಡರೆ ನಮ್ಮ ಸೇತುವೆಯ ಕಂಬಗಳೊಡನೆ ಹೋಲಿಸಿ. ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಕೊಟ್ಟರೆ ಹಳೆಯ ಚಿತ್ರ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಬಂಟ್ವಾಳದಲ್ಲಿ ನದಿಯ ಅಪಾಯ ಮಟ್ಟ 8.5 ಮೀಟರ್, ಆ ದಿನದ ಮಟ್ಟವನ್ನು ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಕೇಳಬಹುದು. ಕುಮಾರಧಾರಾ ಬಂದು ಸೇರುವುದು ಉಪ್ಪಿನಂಗಡಿಯಲ್ಲಿ, ಅಲ್ಲಿಂದಲೇ ನೀರು ನಮ್ಮ ಕಡೆ ಇಳಿಯುವುದು. ಅಲ್ಲಿ ನೆಂಟರಿದ್ದರೆ, ಫಾರ್ವರ್ಡ್ ಒತ್ತುವ ಮೊದಲು ಅವರಿಗೊಂದು ಫೋನ್ ಮಾಡಿ.