ಸೌತ್ ಪಾಸ್ ಸಿಟಿಯ ನ್ಯಾಯಾಧಿಕಾರಿ: ಎಸ್ತರ್ ಮಾರಿಸ್ ಮತ್ತು ಅವರ ಕುಟುಂಬ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ದೂರದ ಹಳ್ಳಿಗಳವರಿಗೂ ಗಣಿ ಊರುಗಳವರಿಗೂ ಕಣ್ಣಿಗೆ ಕಾಣುವ ಸರ್ಕಾರವೆಂದರೆ ಬಹುಮಟ್ಟಿಗೆ ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಸ್ಥಳೀಯ ನ್ಯಾಯಾಧಿಕಾರಿಯೇ. ಇಂಗ್ಲೆಂಡಿನ ಪದ್ಧತಿಯಿಂದ ಬಂದ ಈ ಹುದ್ದೆಗೆ ಕಾನೂನು ಓದಿರಬೇಕೆಂಬ ನಿಯಮವಿರಲಿಲ್ಲ. ಊರಿನಲ್ಲಿ ನಾಲ್ಕು ಜನ ಒಪ್ಪುವಂಥ ವ್ಯಕ್ತಿಯಾದರೆ ಸಾಕಿತ್ತು. ಸಣ್ಣ ಮೊತ್ತದ ಸಾಲದ ತಗಾದೆ, ಹೊಡೆದಾಟ ಮೊದಲಾದವನ್ನು ವಿಚಾರಿಸುವುದು, ವಾರಂಟ್ ಹೊರಡಿಸುವುದು, ಮದುವೆ ಮಾಡಿಸುವುದು, ಗುರುತರ ಅಪರಾಧದ ಆರೋಪಿಗಳನ್ನು ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸುವುದು ಇವೆಲ್ಲ ಆ ಅಧಿಕಾರಿಯ ಪಾಲಿಗೆ ಬರುತ್ತಿದ್ದವು. 1870ರ ಫೆಬ್ರುವರಿಯಲ್ಲಿ ವಯೋಮಿಂಗ್ ಪ್ರಾಂತ್ಯದ ಸೌತ್ ಪಾಸ್ ಸಿಟಿಯಲ್ಲಿ ಈ ಹುದ್ದೆಗೆ ನೇಮಕಗೊಂಡ ಎಸ್ತರ್ ಹೋಬರ್ಟ್ ಮಾರಿಸ್ ಅವರು ಅಮೆರಿಕದಲ್ಲಿ ಇಂಥ ನ್ಯಾಯಪೀಠವೇರಿದ ಮೊದಲ ಮಹಿಳೆ ಎಂದು ಪರಿಗಣಿತರಾಗಿದ್ದಾರೆ.

ನ್ಯೂಯಾರ್ಕ್ ರಾಜ್ಯದ ಟಯೋಗಾ ಕೌಂಟಿಯಲ್ಲಿ ಹುಟ್ಟಿದ ಎಸ್ತರ್ ಎಳವೆಯಲ್ಲೇ ತಬ್ಬಲಿಯಾದರು. 1840ರ ದಶಕದ ಆರಂಭದಲ್ಲಿ ಆರ್ಟೆಮಸ್ ಸ್ಲ್ಯಾಕ್ ಎಂಬ ಎಂಜಿನಿಯರರನ್ನು ಮದುವೆಯಾದರಾದರೂ ಮಗ ಆರ್ಚಿಬಾಲ್ಡ್ ಇನ್ನೂ ಕೈಗೂಸಾಗಿದ್ದಾಗಲೇ ಪತಿ ತೀರಿಕೊಂಡರು. ಅವರ ಆಸ್ತಿಯ ವ್ಯವಹಾರಕ್ಕಾಗಿ ಇಲಿನಾಯ್ ರಾಜ್ಯದ ಪೆರು ಎಂಬ ಊರಿಗೆ ಹೋದ ಎಸ್ತರ್, ಅಲ್ಲಿ ಪೋಲೆಂಡಿನಿಂದ ವಲಸೆ ಬಂದಿದ್ದ ವ್ಯಾಪಾರಿ ಜಾನ್ ಮಾರಿಸ್ ಅವರನ್ನು ಮರುಮದುವೆಯಾದರು. 1851ರಲ್ಲಿ ರಾಬರ್ಟ್ ಮತ್ತು ಎಡ್ವರ್ಡ್ ಎಂಬ ಅವಳಿ ಮಕ್ಕಳು ಹುಟ್ಟಿದರು. 1867ರಲ್ಲಿ ಸೌತ್ ಪಾಸ್ ಬಳಿಯ ಕರಿಸ್ಸಾ ಗಣಿಯಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದಾಗ ಜಾನ್ ಮತ್ತು ಆರ್ಚಿಬಾಲ್ಡ್ ಮುಂದಾಗಿ ಹೊರಟರು; ಎಸ್ತರ್ ಅವಳಿ ಮಕ್ಕಳೊಂದಿಗೆ 1869ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸಮುದ್ರಮಟ್ಟದಿಂದ ಏಳು ಸಾವಿರ ಅಡಿಗೂ ಮೇಲಿರುವ ಆ ಬೋಳು ಬೆಟ್ಟಗಳ ಊರನ್ನು ಸೇರಿಕೊಂಡರು.

ಅದೇ ವರ್ಷ ಡಿಸೆಂಬರ್ 10ರಂದು ವಯೋಮಿಂಗಿನ ಮೊದಲ ಶಾಸನಸಭೆ ಮಹಿಳೆಯರಿಗೆ ಮತದಾನದ ಮತ್ತು ಅಧಿಕಾರ ವಹಿಸುವ ಹಕ್ಕನ್ನು ನೀಡಿತು. ಮಸೂದೆ ಮಂಡಿಸಿದ ವಿಲಿಯಂ ಬ್ರೈಟ್ ಸೌತ್ ಪಾಸ್ ಸಿಟಿಯಲ್ಲಿ ಮದ್ಯದಂಗಡಿ ನಡೆಸುತ್ತಿದ್ದವರು. 1870ರ ಜನಗಣತಿಯಂತೆ ಇಡೀ ಪ್ರಾಂತ್ಯದ ಜನಸಂಖ್ಯೆ 9,118 ಮಾತ್ರ, ಅದರಲ್ಲೂ ಗಂಡಸರೇ ಬಹುಪಾಲು. ಹೆಂಗಸರನ್ನು ಇತ್ತ ಸೆಳೆಯುವ ಪ್ರಚಾರದ ಆಸೆ, ಪಕ್ಷ ರಾಜಕೀಯದ ಲೆಕ್ಕಾಚಾರ, ಒಂದಿಷ್ಟು ನಿಜವಾದ ನಂಬಿಕೆ ಎಲ್ಲವೂ ಈ ಕಾನೂನಿನ ಹಿಂದೆ ಕೆಲಸ ಮಾಡಿದ್ದವು.

ಎಸ್ತರ್ ಅವರ ಮುಂದೆ ಬಂದ ಮೊದಲ ಪ್ರಕರಣ ಅವರದೇ ಕಚೇರಿಯ ಪುಸ್ತಕದ್ದು. ಕಕ್ಷಿದಾರರ ಹೆಸರು, ದೂರು, ತೀರ್ಪು, ಖರ್ಚುವೆಚ್ಚಗಳನ್ನು ಬರೆದಿಡುವ ಈ ದಾಖಲೆ ಪುಸ್ತಕಕ್ಕೆ ಡಾಕೆಟ್ ಎನ್ನುತ್ತಾರೆ. ಹಿಂದೆ ಆ ಹುದ್ದೆಯಲ್ಲಿದ್ದ ಜೇಮ್ಸ್ ಸ್ಟಿಲ್‌ಮನ್ ಅದನ್ನು ಹೆಣ್ಣಿನ ಕೈಗೆ ಕೊಡಲೊಪ್ಪದಿದ್ದಾಗ ಅವರ ಮೇಲೆ ಕ್ರಮ ಆರಂಭವಾಯಿತಾದರೂ, ವ್ಯಾಜ್ಯದಲ್ಲಿ ತಾವೇ ಹಿತಾಸಕ್ತಿಯುಳ್ಳವರಾದ್ದರಿಂದ ತೀರ್ಪು ಕೊಡುವುದು ಸಲ್ಲದೆಂದು ಎಸ್ತರ್ ಪ್ರಕರಣವನ್ನು ವಜಾ ಮಾಡಿ, ಹೊಸ ಪುಸ್ತಕವೊಂದರಲ್ಲಿ ಕೆಲಸ ಶುರುಮಾಡಿದರು. ಕಾನೂನು ಶಾಲೆಯ ಮೆಟ್ಟಿಲು ಹತ್ತದವರಿಗೆ ನ್ಯಾಯದ ಮೊದಲ ಪಾಠ ಹೀಗೆ ಸಹಜವಾಗಿ ತಿಳಿದಿತ್ತೆಂಬುದು ಗಮನಾರ್ಹ. ಮುಂದಿನ ಎಂಟು ತಿಂಗಳಿಗೂ ಮಿಕ್ಕ ಅವಧಿಯಲ್ಲಿ ಆ ಪುಸ್ತಕದಲ್ಲಿ 20ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಸಾಲ ವಸೂಲಿ ಮತ್ತು ಹೊಡೆದಾಟದಂಥ ದಿನನಿತ್ಯದ ಜಗಳಗಳೇ ಅವುಗಳಲ್ಲಿ ಪ್ರಧಾನ. ಗುಮಾಸ್ತಿಕೆಗೆ ನಿಂತವನು ಮಗ ರಾಬರ್ಟ್. ಆರ್ಚಿಬಾಲ್ಡ್ ಊರಿನ ಪತ್ರಿಕೆಯ ಸಂಪಾದಕ. ಹೊರಗೆ ಇಷ್ಟು ಗಟ್ಟಿಯಾಗಿದ್ದ ಸಂಸಾರ ಒಳಗೆ ಹಾಗಿರಲಿಲ್ಲ: ಅವಧಿ ಮುಗಿದ ಮರುವರ್ಷ, ಅಂದರೆ 1871ರಲ್ಲಿ, ಪತಿ ಜಾನ್ ತಮ್ಮ ಮೇಲೆ ಕೈಮಾಡಿದರೆಂದು ಎಸ್ತರ್ ಅವರೇ ದೂರು ಕೊಟ್ಟರು, ಆಮೇಲೆ ಅವರನ್ನೂ ಆ ಊರನ್ನೂ ಬಿಟ್ಟು ನಡೆದರು. ಚಿನ್ನ ಬರಿದಾಗಿ ಊರೂ ಅಷ್ಟರಲ್ಲಿ ಖಾಲಿಯಾಗತೊಡಗಿತ್ತು.

ಎಸ್ತರ್ ಅವರ ಕೀರ್ತಿ ಬೆಳೆದ ಬಗೆ ಬೇರೆಯೇ. 1890ರಲ್ಲಿ ವಯೋಮಿಂಗ್ ಪೂರ್ಣ ರಾಜ್ಯವಾದ ಸಂದರ್ಭದಲ್ಲಿ ಚೆಯೆನ್ನಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಆರ್ಚಿಬಾಲ್ಡ್ ತಾಯಿಯನ್ನು ಮಹಿಳಾ ಮತಾಧಿಕಾರದ ಜನನಿಯೆಂದು ಕೊಂಡಾಡಿದರು, 1919ರಲ್ಲಿ ಎಚ್. ಜಿ. ನಿಕರ್ಸನ್ ಎಂಬ ಹಳಬರು, 1869ರ ಚುನಾವಣೆಗೆ ಮುನ್ನ ಎಸ್ತರ್ ಅಭ್ಯರ್ಥಿಗಳನ್ನು ಚಹಾಕೂಟಕ್ಕೆ ಕರೆದು ಮಸೂದೆಯ ಭರವಸೆ ಪಡೆದರೆಂಬ ಕತೆ ಬರೆದರು. ಆ ಕಾಲದ ಯಾವ ದಾಖಲೆಯೂ ಈ ಚಹಾಕೂಟವನ್ನು ಸಮರ್ಥಿಸುವುದಿಲ್ಲ. 1869ರ ಡಿಸೆಂಬರಿನಲ್ಲಿ ರಾಬರ್ಟ್ ‘ರೆವಲ್ಯೂಷನ್’ ಪತ್ರಿಕೆಗೆ ಬರೆದ ಪತ್ರದಲ್ಲಿ, ತಾಯಿಮಕ್ಕಳು ಬ್ರೈಟ್ ಅವರನ್ನು ಅಭಿನಂದಿಸಲು ಹೋದ ಸಂಗತಿ ಇದೆಯೇ ಹೊರತು ಚಹಾದ ಮಾತೇ ಇಲ್ಲ.

ಎಸ್ತರ್ 1902ರ ಏಪ್ರಿಲಿನಲ್ಲಿ ಚೆಯೆನ್ನಿನಲ್ಲಿ ನಿಧನರಾದರು. 1960ರಲ್ಲಿ ವಯೋಮಿಂಗ್ ರಾಜ್ಯ ಅವರ ಪ್ರತಿಮೆಯನ್ನು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಕೊಟ್ಟಿತು. ಆ ಗೌರವಕ್ಕೆ ಚಹಾಕೂಟದ ಕತೆಯ ಆಸರೆ ಬೇಕಿಲ್ಲ, ಡಾಕೆಟ್ ಪುಸ್ತಕವೊಂದೇ ಸಾಕು.